ಅಕ್ಕನ ಲಾಟೀನು, ನನ್ನ ಸ್ವಿಚ್ಚು

ಸ್ವಿಚ್ಚನ್ನು ಯಾವ ಕಡೆಗೆ ಒತ್ತಿದರೆ ಕರೆಂಟು ನಿಲ್ಲುತ್ತದೆ ಎಂದು ನಾನು ಅಕ್ಕನಿಗೆ ಹೇಳಿಕೊಟ್ಟಿರಲಿಲ್ಲ. ಐವರ್ನಾಡಿನ ನಮ್ಮ ಮನೆಗೆ ಕರೆಂಟು ಬಂದಾಗ ವಯರಿಂಗ್ ಮಾಡಿದವನು ನಾನೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಆ ಕೆಲಸ ಬರುತ್ತದೆಂಬ ಜಂಬವಿತ್ತು.

ಒಂದು ದಿನ ಸುಟ್ಟುಹೋದ ಬಲ್ಬು ತೆಗೆಯಲು ಅಕ್ಕ ಸ್ಟೂಲು ಹತ್ತಿದಳು. ಹತ್ತುವ ಮೊದಲು ಜಾಗ್ರತೆಯಿಂದ ಸ್ವಿಚ್ಚನ್ನು ಕೆಳಗೆ ಮಾಡಿದ್ದಳು. ಶಾಕ್ ಹೊಡೆದು ಬಿದ್ದಳು, ಮಣಿಕಟ್ಟು ಮುರಿಯಿತು. ನೋಡಲು ಬಂದವರೆದುರು ನಾನು, "ಕೆಳಗೆ ಮಾಡಿದ್ರೆ ಕರೆಂಟು ಬರುದು ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ಇವಳಿಗೆ ಬುದ್ಧಿ ಇಲ್ಲ" ಎಂದು ನಕ್ಕೆ.

ಅದಾಗಿ ಎಷ್ಟೋ ವರ್ಷವಾಯಿತು. ಮೊನ್ನೆ ಸಂಜೆ ಹೋಗಿದ್ದ ಕರೆಂಟು ಬಂದಾಗ, ಅಕ್ಕ ಅಂದು ಮುರಿದು ಸೊಟ್ಟಗೇ ಕೂಡಿದ ಆ ಕೈಯಿಂದಲೇ ಲಾಟೀನಿನ ಬತ್ತಿ ಇಳಿಸಿದಳು. "ನೋಡು ಮಾರಾಯ, ಇದು ಕೆಳಗೆ ಹೋದ್ರೆ ಬೆಳಕು ಹೋಗ್ತದೆ. ನಿನ್ನ ಸ್ವಿಚ್ಚೂ ಹಾಗೇ ಅಂತ ಗ್ರಹಿಸಿದ್ದೆ."

ಹುಟ್ಟಿದಂದಿನಿಂದ ಅವಳ ಕೈ ಕಲಿತದ್ದು ಅದೊಂದೇ ದೀಪವನ್ನು. ಅಷ್ಟು ಸಹ ನನಗೆ ಹೊಳೆದಿರಲಿಲ್ಲ. ತಲೆ ಎತ್ತಲಾಗದೆ ಹೇಳಿದೆ: "ಬುದ್ಧಿ ಇಲ್ಲದ್ದು ನನಗೆ ಅಕ್ಕ. ಹೇಳಿಕೊಡದೆ ನಗಾಡಿದೆ. ತಪ್ಪಾಯ್ತು."