ಒಬ್ಬರೇ ಆಡುವ ಆಟ

ಆಟದ ಅಂಗಡಿಯವನು ಎರಡು ಡಬ್ಬಗಳನ್ನು ಅವಳ ಮುಂದಿಟ್ಟ.

"ಎರಡರಲ್ಲೂ ಕತ್ತಿ ಇದೆ, ಮಾಟ ಇದೆ, ಬೆಂಕಿ ಉಗುಳೋ ಡ್ರ್ಯಾಗನ್ ಇದೆ. ಇದು ಒಬ್ಬರೇ ಆಡೋದು. ಅದು ಆನ್‌ಲೈನ್, ಊರೆಲ್ಲ ಸೇರಿ ಆಡೋದು. ಯಾವುದು ಕೊಡ್ಲಿ ಮೇಡಂ?"

"ಒಬ್ಬರೇ ಆಡೋದ್ರಲ್ಲಿ ಬೇರೆ ಮನುಷ್ಯರು ಇರಲ್ಲ ತಾನೆ?"

"ಇರ್ತಾರೆ. ಕಮ್ಮಾರ, ರಾಜ, ಸೇತುವೆ ಕಾಯೋ ಮುದುಕ. ಆದ್ರೆ ನಿಜವಾದವರಲ್ಲ, ಹೇಳಿಕೊಟ್ಟಷ್ಟೇ ಮಾತಾಡ್ತಾರೆ."

"ನಾನು ಉತ್ತರ ಕೊಡ್ಲಿಲ್ಲ ಅಂದ್ರೆ?"

"ಕಾಯ್ತಾರೆ. ನೀವು ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದು ಬಂದ್ರೂ ಅಲ್ಲೇ ನಿಂತಿರ್ತಾರೆ. ಆನ್‌ಲೈನಲ್ಲಿ ಹಾಗಲ್ಲ, ಯಾರೂ ಯಾರಿಗೂ ಕಾಯಲ್ಲ. ಹೆಡ್‌ಫೋನ್ ಹಾಕ್ಕೊಂಡು ಮಾತಾಡ್ತಾ ಆಡ್ಬೇಕು."

ಹೆಡ್‌ಫೋನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕೈ ತಾನಾಗಿ ಎಡಗಿವಿಯ ಹಿಂದಕ್ಕೆ ಹೋಯಿತು. ಹನ್ನೊಂದು ವರ್ಷ ಅದನ್ನೇ ಹಾಕಿ ಹಾಕಿ ಅಲ್ಲಿ ಚರ್ಮ ಕಪ್ಪುಗಟ್ಟಿತ್ತು. ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂರನೇ ಸೀಟಿನವಳು. ಇದ್ದದ್ದೇ ಮೂರು ಸೀಟು. ನಲ್ಲಿಯಲ್ಲಿ ನೀರು ಬರದವರು, ಕೆಸರು ಬಂದವರು, ಹಾಗೇ ಬೈಯುವುದಕ್ಕೆಂದೇ ಫೋನ್ ಮಾಡುವವರು, ಎಲ್ಲರೂ ದಿನಕ್ಕೆ ನೂರಿಪ್ಪತ್ತರಂತೆ ಅವಳ ಕಿವಿಯೊಳಗೇ ಸಂಸಾರ ಹೂಡಿದ್ದರು. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯವರ ಕೆಮ್ಮು ಕೇಳಿದರೂ ಮೈ ಉರಿಯುತ್ತಿತ್ತು. ಅವಳು ಕೆಟ್ಟವಳಲ್ಲ, ಸವೆದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ತಮ್ಮ ಕೊಳ್ಳಲು ಹೇಳಿದ್ದು ಎರಡನೆಯ ಡಬ್ಬ. ಅವಳು ಮೊದಲನೆಯದನ್ನು ಚೀಲಕ್ಕೆ ಹಾಕಿಕೊಂಡಳು.

ತಮ್ಮನನ್ನು ಮನೆಯಲ್ಲಿ ಕರೆಯುತ್ತಿದ್ದದ್ದೇ ತುತ್ತೂರಿ ಎಂದು. ಹುಟ್ಟಿದ ದಿನವೇ ಆಸ್ಪತ್ರೆಯ ಮೂರು ಮಹಡಿಗೂ ಕೇಳುವಂತೆ ಅತ್ತಿದ್ದನಂತೆ. ಆ ಗಂಟಲೇ ಅವನಿಗೆ ಅನ್ನ ಹಾಕಿತು. ಬೇರೊಂದು ಊರಿನ ಸಗಟು ಮಾರುಕಟ್ಟೆಯಲ್ಲಿ ಬೆಳಗಿನ ಐದರಿಂದ ಹತ್ತರವರೆಗೆ ಅವನು ಆಲೂಗಡ್ಡೆ, ಈರುಳ್ಳಿ ಹರಾಜು ಕೂಗುತ್ತಿದ್ದ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದಮೇಲೆ ಇವಳಿಗೆ ಅವನು, ಅವನಿಗೆ ಇವಳು. ಈಚೆಗೆ ಅವನ ಧ್ವನಿ ಒಡೆದಿತ್ತು. ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರಂತೆ ಅವಳೂ ಅಂದುಕೊಂಡಳು. ಬಿಸಿನೀರು ಕುಡಿಯೋ ತುತ್ತೂರಿ ಎಂದು ಬುದ್ಧಿ ಹೇಳಿ ಕೈತೊಳೆದುಕೊಂಡಳು.

ಕೂಗಿದ್ದರಿಂದ ಆದದ್ದಲ್ಲ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿತ್ತು. ಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ವೈದ್ಯರು ಐದು ವಾರದಾಚೆಯ ಒಂದು ಮಂಗಳವಾರವನ್ನು ಗೊತ್ತುಮಾಡಿದ್ದರು. ಅಂದರೆ ಅವಳು ಅಂಗಡಿಯಲ್ಲಿ ಡಬ್ಬ ಆರಿಸುತ್ತಿದ್ದ ಹೊತ್ತಿಗೆ ತಮ್ಮನ ಬಾಯಲ್ಲಿ ಉಳಿದಿದ್ದದ್ದು ಐದು ವಾರದ ಮಾತು. ಅದು ಅವನಿಗೆ ಗೊತ್ತಿತ್ತು, ಇವಳಿಗೆ ಗೊತ್ತಿರಲಿಲ್ಲ.

ಹೇಳಬಹುದಿತ್ತಲ್ಲ ಎಂದರೆ, ಅವನು ಅವನ ರೀತಿಯಲ್ಲಿ ಹೇಳಿಯೇ ಇದ್ದ. ಆ ಮನೆಯಲ್ಲಿ ಕೆಟ್ಟ ಸುದ್ದಿಯನ್ನು ಯಾರೂ ಮುಖ ನೋಡಿಕೊಂಡು ಹೇಳಿದವರಲ್ಲ. ಅಪ್ಪನ ಕೆಲಸ ಹೋದದ್ದು, ಅಮ್ಮನ ಹೊಟ್ಟೆಯ ಹುಣ್ಣು, ಇವಳಿಗೆ ಗೊತ್ತುಮಾಡಿದ್ದ ಮದುವೆಯ ಸಂಬಂಧ ಮುರಿದದ್ದು, ಎಲ್ಲವೂ ಹೊರಬಿದ್ದದ್ದು ಹಾವು ಏಣಿ ಪಟದ ಮುಂದೆ. ದಾಳ ಹಾಕುತ್ತ, ಕಾಯಿ ಸರಿಸುತ್ತ, ಕಣ್ಣು ಪಟದ ಮೇಲಿಟ್ಟೇ ಹೇಳಿಬಿಡುವುದು, ಕೇಳಿದವರೂ ತಲೆಯೆತ್ತದೆ ಮುಂದಿನ ದಾಳ ಹಾಕುವುದು. ಬಾ ಆಡೋಣ ಎಂದು ಅಲ್ಲಿ ಯಾರಾದರೂ ಕರೆದರೆ ಎದೆ ಧಸಕ್ಕೆನ್ನಬೇಕು, ಹಾಗಿತ್ತು. ಅವಳು ಅಂಗಡಿಗೆ ಹೋಗುವ ಮುಂಚೆ ಇವನೂ ಆರು ಗಂಟೆ ದೂರದ ಊರಿನಿಂದ ಫೋನಿನಲ್ಲಿ ಹಾಗೇ ಕರೆದಿದ್ದ.

"ಅಕ್ಕಾ, ಒಂದು ಆನ್‌ಲೈನ್ ಆಟ ಇದೆ. ನೀನೂ ತಗೋ. ಹೆಡ್‌ಫೋನ್ ಹಾಕ್ಕೊಂಡು ಮಾತಾಡ್ತಾ ಆಡೋಣ."

"ಲೋ, ದಿನಾ ಎಂಟು ಗಂಟೆ ಅದನ್ನೇ ಹಾಕ್ಕೊಂಡು ಸಾಯ್ತೀನಿ. ಮನೇಲೂ ಹಾಕ್ಕೊಳ್ಳಾ?"

"ವಾರಕ್ಕೆ ಎರಡು ದಿನ ಸಾಕು. ಒಂದೇ ತಿಂಗಳು."

"ಆಯ್ತು, ನೋಡೋಣ. ಇನ್ನೇನಾದ್ರೂ ಇದೆಯಾ?"

ಇನ್ನೇನಾದ್ರೂ ಇದೆಯಾ ಎಂಬುದು ಕಚೇರಿಯ ಮಾತು, ಕರೆ ಮುಗಿಸುವಾಗ ಕೇಳಲೇಬೇಕಾದದ್ದು. ಅವನು ಇಲ್ಲ ಎಂದ. ಒಂದೇ ತಿಂಗಳು ಯಾಕೆ ಎಂದು ಇವಳು ಕೇಳಬಹುದಿತ್ತು, ಕೇಳಲಿಲ್ಲ. ಮುಂದಿನ ವಾರ ಅವನು ಮತ್ತೆ ವಿಚಾರಿಸಿದಾಗ ಅಂಗಡಿಯಲ್ಲಿ ಆ ಆಟ ಮುಗಿದುಹೋಗಿದೆ ಎಂದು ಸುಳ್ಳು ಹೇಳಿದಳು. ತಾನು ಬೇರೆಯದನ್ನು ತಂದೆ ಎನ್ನುವುದಕ್ಕೆ ನಾಚಿಕೆಯಾಗಿತ್ತು.

ಹಾಗೆ ಶುರುವಾದದ್ದು ಬಿಡಿಸಲಾರದಂತೆ ಹಿಡಿಯಿತು. ಸಂಜೆ ಬಂದವಳೇ ಫೋನನ್ನು ಸದ್ದಿಲ್ಲದಂತೆ ಮಾಡಿ, ಅಡುಗೆಮನೆಯ ಡ್ರಾಯರಿಗೆ ಹಾಕಿ, ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಪಾಳುಬಿದ್ದ ರಾಜ್ಯ, ಖಾಲಿ ದಾರಿ, ದೂರದಲ್ಲಿ ಕೋಟೆ. ಸೇತುವೆ ಕಾಯುವ ಮುದುಕ "ಎಲ್ಲಿಗೆ ಪಯಣ?" ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದ. ಅವಳು ಎದ್ದು ಹೋಗಿ ಅನ್ನಕ್ಕಿಡುವಳು, ಉಣ್ಣುವಳು, ಬಟ್ಟೆ ಮಡಿಸುವಳು. ಬಂದು ನೋಡಿದರೆ ಮುದುಕ ಕೋಲೂರಿಕೊಂಡು ಹಾಗೇ ಇರುತ್ತಿದ್ದ. ಇಂಥ ಒಬ್ಬ ಮನುಷ್ಯ ತನ್ನ ಬಾಳಿನಲ್ಲಿ ಮೊದಲೇ ಸಿಕ್ಕಿದ್ದರೆ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ತಮ್ಮನ ಕರೆಗಳು ಡ್ರಾಯರಿನಲ್ಲಿ ಬಂದು ಡ್ರಾಯರಿನಲ್ಲೇ ಸಾಯುತ್ತಿದ್ದವು. ಭಾನುವಾರ ಇವಳು ತಿರುಗಿ ಮಾಡಿದಾಗ ಅವನ ಧ್ವನಿ ಹಿಂದಿನ ವಾರಕ್ಕಿಂತ ಸಣ್ಣಗಾಗಿರುತ್ತಿತ್ತು. ಏನೂ ಇಲ್ಲ ಅಕ್ಕ, ಆಟ ಬಂತಾ ಎಂದಷ್ಟೇ ಕೇಳುತ್ತಿದ್ದ.

ಅವಳ ಕಚೇರಿಯಲ್ಲಿ ಖಾಲಿ ಕರೆ ಎಂಬುದೊಂದು ಇತ್ತು. ಫೋನ್ ಬರುತ್ತದೆ, ಆ ಕಡೆ ಮಾತಿರುವುದಿಲ್ಲ. ಅದಕ್ಕೆ ಹತ್ತು ಸೆಕೆಂಡಿನ ನಿಯಮ. ಎರಡು ಸಲ ಕೇಳಬೇಕು, ಮೂರನೆಯ ಸಲ ವಂದಿಸಿ ಇಡಬೇಕು. ಸಿಟ್ಟು ತೋರಿಸಬಾರದು, ಹೆಚ್ಚು ಕಾಯಲೂಬಾರದು. ಅದರಲ್ಲಿ ಮೂರನೇ ಸೀಟು ಎತ್ತಿದ ಕೈ.

ಒಂದು ಸೋಮವಾರ ಮಧ್ಯಾಹ್ನ ಅಂಥದ್ದೊಂದು ಬಂತು. ಅವಳ ಬಾಯಿ ತಾನೇ ನುಡಿಯಿತು. "ನಮಸ್ಕಾರ, ತಮ್ಮ ದೂರು ಹೇಳಿ." ಆ ಕಡೆ ಏನೋ ಕೆರೆದ ಸದ್ದು. "ತಮ್ಮ ಧ್ವನಿ ಕೇಳಿಸ್ತಾ ಇಲ್ಲ, ದಯವಿಟ್ಟು ಇನ್ನೊಮ್ಮೆ ಹೇಳ್ತೀರಾ?" ಮತ್ತೆ ಕೆರೆತ, ಗಾಳಿ. "ಕ್ಷಮಿಸಿ, ಕರೆ ಮುಗಿಸ್ತಾ ಇದ್ದೀನಿ. ತಮ್ಮ ದಿನ ಚೆನ್ನಾಗಿರಲಿ." ಇಟ್ಟಳು. ಮುಂದಿನ ಕರೆ ಒಡೆದ ಪೈಪಿನದು.

ಗುರುವಾರ ಮೇಲ್ವಿಚಾರಕಿ ಮೂವರನ್ನೂ ಕೂರಿಸಿಕೊಂಡು ಆ ವಾರದ ಒಳ್ಳೆಯ ಕರೆಗಳನ್ನು ಸ್ಪೀಕರಿನಲ್ಲಿ ಹಾಕಿದಳು. ಸೋಮವಾರದ ಖಾಲಿ ಕರೆಯೂ ಅದರಲ್ಲಿತ್ತು. "ಹೇಗೆ ಮುಗಿಸಿದ್ದಾರೆ ನೋಡಿ, ಹತ್ತಕ್ಕೆ ಹತ್ತು. ಕಲೀರಿ," ಎಂದಳು. ಕೆರೆಯುವ ಸದ್ದು ಬಂದಾಗ ಒಂದನೇ ಸೀಟಿನವನು, "ನೀರಿಲ್ಲ ಅಂತ ಕಪ್ಪೆ ಫೋನ್ ಮಾಡಿದೆ," ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಹಳ ದಿನದ ಮೇಲೆ ಯಾರೋ ಹೊಗಳಿದ್ದರು.

ಅದೇ ಸಂಜೆ, ಕಚೇರಿಯ ಮೆಟ್ಟಿಲಿಳಿಯುವಾಗ ಫೋನ್ ಬಂತು. ಮಾರುಕಟ್ಟೆಯಲ್ಲಿ ತಮ್ಮನ ಜೊತೆ ಕೆಲಸ ಮಾಡುವ ತೂಕದವನು.

"ಅಕ್ಕಾ, ಗಾಬರಿ ಆಗ್ಬೇಡಿ. ಮಂಗಳವಾರ ಅವನ ಗಂಟಲಿನ ಆಪರೇಷನ್ ಆಯ್ತು. ಜೀವಕ್ಕೇನೂ ಭಯ ಇಲ್ಲವಂತೆ. ವಾರ್ಡಿಗೆ ತರೋವರೆಗೂ ಅಕ್ಕಂಗೆ ಹೇಳಬೇಡ ಅಂದಿದ್ದ."

"ಫೋನ್ ಕೊಡಪ್ಪ ಅವನಿಗೆ. ಒಂದು ನಿಮಿಷ."

"ಇನ್ಮೇಲೆ ಅವನು ಮಾತಾಡಲ್ಲ ಅಕ್ಕ," ಎಂದ ತೂಕದವನು. "ತಾವು ಬನ್ನಿ."

ಅವಳು ಉಟ್ಟ ಬಟ್ಟೆಯಲ್ಲೇ ರಾತ್ರಿಯ ಬಸ್ಸು ಹತ್ತಿದಳು. ಬೆಳಗಾಗುವ ಹೊತ್ತಿಗೆ ತಮ್ಮನ ಮಂಚದ ಪಕ್ಕದಲ್ಲಿದ್ದಳು. ಅವನ ಕತ್ತಿನ ನಡುವೆ ಒಂದು ತೂತು, ಅದಕ್ಕೆ ಕೊಳವೆ, ಅದರಲ್ಲಿ ಉಸಿರು ಹೋಗಿ ಬರುವ ಸದ್ದು. ಅಂಥದೇ ಒಂದು ಸದ್ದನ್ನು ಅವಳು ಎಲ್ಲೋ ಕೇಳಿದ್ದಳು. ಅವನು ಅವಳನ್ನು ನೋಡಿ ನಕ್ಕ, ಫೋನ್ ತೆಗೆದು ಬರೆದು ತೋರಿಸಿದ.

"ಸೋಮವಾರ ಧ್ವನಿ ಪೂರ್ತಿ ಹೋಗ್ತಾ ಇತ್ತು. ಕೊನೇ ಸಲ ಅಕ್ಕ ಅಂತ ಕರೆಯೋಣ ಅಂತ ನಿನ್ನ ಆಫೀಸಿಗೇ ಮಾಡಿದೆ. ನೀನೇ ತಗೊಂಡೆ. ನನ್ನ ಅದೃಷ್ಟ."

ಅವಳು ಮಂಚದ ಕಂಬಿ ಹಿಡಿದುಕೊಂಡಳು. ಅವನು ಮತ್ತೆ ಬರೆದ.

"ಹುಟ್ಟಿದಾಗಿಂದ ಅಷ್ಟು ಮರ್ಯಾದೆ ಕೊಟ್ಟು ನೀನು ನನ್ನ ಹತ್ರ ಮಾತಾಡಿರಲಿಲ್ಲ."

ತಮಾಷೆಗೇ ಬರೆದಿದ್ದ. ಭುಜ ಕುಲುಕಿಸಿ ನಕ್ಕ, ಕೊಳವೆ ಗೊರಗೊರ ಎಂದಿತು. ಅವಳಿಗೆ ಸ್ಪೀಕರು, ಕಪ್ಪೆ, ತನ್ನ ನಗು ಎಲ್ಲ ಒಟ್ಟಿಗೆ ನೆನಪಾಯಿತು. ಅದನ್ನು ಅವನಿಗೆ ಹೇಳಬೇಕೆಂದರೂ ಹೇಳಲಾರಳು, ಸಾಯುವವರೆಗೂ ಹೇಳಲಾರಳು. ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಅಮುಕಿ ಹಿಡಿದಳು.

"ಇವತ್ತೇ ಆ ಆಟ ತರ್ತೀನಿ ಕಣೋ. ಅಂಗಡೀಲಿ ಅದು ಇತ್ತು. ಮುಗಿದುಹೋಗಿದೆ ಅಂತ ಸುಳ್ಳು ಹೇಳ್ದೆ. ದಿನಾ ಆಡೋಣ. ನೀನು ಏನು ಹೇಳ್ಬೇಕು ಅಂತಿದ್ದೆಯೋ ಎಲ್ಲಾ ಹೇಳು, ನಾನು ಕೇಳ್ತೀನಿ."

ಅವನು ಬೇಡವೆಂದು ತಲೆಯಾಡಿಸಿದ. ಕೋಪವಿರಲಿಲ್ಲ, ಇದ್ದಿದ್ದರೆ ಅವಳಿಗೆ ಒಳ್ಳೆಯದಿತ್ತು. ನಿಧಾನವಾಗಿ ಬರೆದ.

"ಆ ಆಟದಲ್ಲಿ ಮಾತಾಡದವರನ್ನ ತಂಡದಿಂದ ತೆಗೆದುಹಾಕ್ತಾರೆ. ಅದಕ್ಕೇ ನಾನು ಬೇರೆ ತರಿಸ್ಕೊಂಡೆ."

ದಿಂಬಿನ ಕೆಳಗಿನಿಂದ ಒಂದು ಡಬ್ಬ ಎಳೆದ. ಪಾಳುಬಿದ್ದ ರಾಜ್ಯ, ಖಾಲಿ ದಾರಿ, ದೂರದಲ್ಲಿ ಕೋಟೆ. ಅವಳ ಮನೆಯಲ್ಲಿದ್ದದ್ದೇ. ಅವನು ಅವಳ ಮುಖ ನೋಡಿ, ಫೋನ್ ತೆಗೆದುಕೊಂಡು ಇನ್ನೊಂದು ಸಾಲು ಬರೆದ.

"ಇದರಲ್ಲಿ ಎಷ್ಟು ಹೊತ್ತು ಸುಮ್ಮನಿದ್ರೂ ಕಾಯ್ತಾರಂತೆ ಅಕ್ಕ."