ಇಳಿದಿದ್ದ ಅಂಕಿ

ಮಧುಗಿರಿಯಲ್ಲಿ ಹುಟ್ಟಿ ಬೆಳೆದ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಕ್ಯಾನ್ಸರಿಗೆ ಔಷಧ ಹುಡುಕುವ ರಸಾಯನದ ಕೆಲಸ. ಪಾಲಿಅಮೀನ್ ಎಂಬ ಸಣ್ಣ ಅಣುಗಳಿವೆ. ಪ್ರತಿ ಜೀವಕೋಶವೂ ಅವನ್ನು ತಯಾರಿಸಿಕೊಳ್ಳುತ್ತದೆ, ಅವು ಡಿಎನ್‌ಎ ಎಳೆಗೆ ಅಂಟಿಕೊಂಡಿರುತ್ತವೆ. ಕೋಶಗಳು ಬೇಗ ಬೇಗ ಹೆಚ್ಚುವ ಕಡೆ ಇವೂ ಹೆಚ್ಚುತ್ತವೆ, ಮಿಕ್ಕದ್ದು ಮೂತ್ರದಲ್ಲಿ ಹೊರಬರುತ್ತದೆ. ಇವು ಸಿಗದಂತೆ ಮಾಡಿದರೆ, ಜೀನನ್ನು ಬದಲಿಸದೆ ಅದು ತೆರೆದುಕೊಂಡು ಕೆಲಸ ಮಾಡುವುದನ್ನಷ್ಟೇ ತಡೆದು, ಕ್ಯಾನ್ಸರ್ ಕೋಶವನ್ನು ನಿಲ್ಲಿಸಬಹುದೇ ಎಂಬುದು ನಮ್ಮ ಹಿರಿಯ ವಿಜ್ಞಾನಿಯ ಪ್ರಶ್ನೆ. ನಾನು ಅವರಿಗಾಗಿ ಪಾಲಿಅಮೀನಿನಂತೆ ಕಾಣುವ ಅಣುಗಳನ್ನು ಕಟ್ಟುತ್ತಿದ್ದೆ. ಅದರ ಜೊತೆಗೆ, ಚಿಕಿತ್ಸೆ ಮುಗಿಸಿದ ರೋಗಿಗಳ ಮೂತ್ರದಲ್ಲಿ ಇವು ಇಳಿದಿವೆಯೇ ಎಂದು ಅಳೆಯುವ ಕೆಲಸವೂ ಬಂತು. ನಮ್ಮ ಸೀಮೆಯ ಭಾಷೆ ಬರುತ್ತದೆಂದು ಶಿರಾ, ಮಧುಗಿರಿ ಕಡೆಯ ರೋಗಿಗಳನ್ನು ನನಗೆ ಬಿಟ್ಟರು.

ಅವರಲ್ಲಿ ಒಬ್ಬರು ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯ, ಕುರಿ ಸಾಕುವ ಮನೆಯ ಯಜಮಾನಿ. ಐವತ್ತರ ಆಸುಪಾಸು. ಗರ್ಭಕೋಶದ ಬಾಯಿಗೆ ಕ್ಯಾನ್ಸರಾಗಿ, ಬೆಂಗಳೂರಿನಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಬಂದಿದ್ದರು. ಮನೆಯಲ್ಲಿ ಮಗ, ಸೊಸೆ.

ನಾನು ಕೇಳುತ್ತಿದ್ದುದು ಒಂದು ಹಗಲು ಒಂದು ರಾತ್ರಿಯ ಪೂರ್ತಿ ಮೂತ್ರ. ಕೆಡದಿರಲೆಂದು ತಳದಲ್ಲಿ ಸ್ವಲ್ಪ ಆಸಿಡ್ ಹಾಕಿದ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಮೊದಲ ದಿನ ಕೊಟ್ಟು, ಮರುದಿನ ತೆಗೆದುಕೊಂಡು ಹೋಗುತ್ತಿದ್ದೆ. ಹಳ್ಳಿಯವರು ನನ್ನನ್ನು ನಂಬಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸಂತಾನಹರಣದ ಆಪರೇಷನ್ ಮಾಡಿಸಲು ಜನರನ್ನು ಹಿಡಿದುಕೊಂಡು ಹೋದ ದಿನಗಳು ಅವರಿಗೆ ಇನ್ನೂ ಮರೆತಿರಲಿಲ್ಲ. ಅರಳಿಕಟ್ಟೆಯಲ್ಲಿ ಕೂತ ಒಬ್ಬರು ನನಗೆ ಕೇಳುವಂತೆಯೇ ಹೇಳಿದರು: "ಆಗ ಗಂಡಸ್ರುನ್ನ ಎಳ್ಕಂಡೋದ್ರು. ಈಗ ಹೆಂಗಸ್ರು ಉಚ್ಚೆಗೆ ಬಂದವ್ರೆ. ಏನೋ ಐತೆ ಕಣ್ಲಾ ಇದ್ರಾಗೆ." ಬಸ್ಸಿನ ಕಂಡಕ್ಟರು ಮುಚ್ಚಳ ಬಿಚ್ಚಿಸಿ, ಮೂಸಿ, ಮುಖ ಕಿವುಚಿದ. "ಸಾರಾಯಿ ಅಂದ್ಕಂಡೆ ಕಣಮ್ಮ. ಸಾರಾಯೇ ವಾಸಿ." ಹಳ್ಳಿಯಲ್ಲಿ ನನಗೆ ಉಚ್ಚೆ ಮೇಡಮ್ಮ ಎಂದು ಹೆಸರಾಯಿತು.

ನಾನೂ ಅವರನ್ನು ನಂಬುತ್ತಿರಲಿಲ್ಲ. ಅರ್ಧ ದಿನದ್ದನ್ನು ಹಿಡಿದು ಪೂರ್ತಿ ಎನ್ನುತ್ತಾರೆ, ನೀರು ಬೆರೆಸುತ್ತಾರೆ ಎಂಬ ಗುಮಾನಿ ನನಗೆ. ಅದಕ್ಕೇ ಆ ಯಜಮಾನಿಗೆ ಖಡಾಖಂಡಿತವಾಗಿ ಹೇಳಿದ್ದೆ: "ಒಂದು ಸಲ ತಪ್ಪಿದರೂ ಎಲ್ಲಾ ದಂಡ, ಅಮ್ಮ."

ಅವರ ಮೊದಲ ಕ್ಯಾನು ಆಸ್ಪತ್ರೆಯಲ್ಲಿ, ಚಿಕಿತ್ಸೆಗೆ ಮುಂಚೆ ಹಿಡಿದದ್ದು. ಗಾಜಿನ ತಟ್ಟೆಯ ಮೇಲೆ ಹಾಯಿಸಿ, ಕತ್ತಲೆ ಕೋಣೆಯ ನೇರಳೆ ದೀಪದಡಿ ಹಿಡಿದಾಗ ಪಾಲಿಅಮೀನಿನ ಹಳದಿ ಹಸಿರು ಕಲೆಗಳು ದಪ್ಪಗೆ ಹೊಳೆದಿದ್ದವು. ಚಿಕಿತ್ಸೆಯಾದ ಮೂರು ತಿಂಗಳಿಗೆ ಮನೆಯಿಂದ ತಂದ ಎರಡನೆಯ ಕ್ಯಾನಿನಲ್ಲಿ ಕಲೆ ತೆಳುವಾಗಿತ್ತು. ಆರೋಗ್ಯವಂತರಲ್ಲಿ ಇರುವಷ್ಟೇ. ನಮ್ಮ ಹಿರಿಯ ವಿಜ್ಞಾನಿ ತಟ್ಟೆಯನ್ನು ಮತ್ತೆ ಮತ್ತೆ ನೋಡಿ ಸಂತೋಷಪಟ್ಟರು. ಮುಂದಿನ ಸಲ ಹಳ್ಳಿಗೆ ಹೋದಾಗ ನಾನು ಆ ಮನೆಯ ಜಗಲಿಯ ಮೇಲೆ ಕೂತು ಹೇಳಿದೆ: "ಕಡಿಮೆಯಾಗಿದೆ ಅಮ್ಮ. ಚೆನ್ನಾಗಿ ಇಳಿದಿದೆ."

ಹೇಳಬಾರದಿತ್ತು. ಈ ಅಂಕಿಗಳು ಸಂಶೋಧನೆಗೆ ಮಾತ್ರ, ರೋಗಿಗೆ ತಿಳಿಸುವಂಥವಲ್ಲ ಎಂದು ನಮಗೆ ಹೇಳಿದ್ದರು. ಆಕೆ ಆಸ್ಪತ್ರೆಗೆ ಬಂದು ವೈದ್ಯರ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ಅದೆಂದರೆ ಆಕೆಗೆ ನಾಚಿಕೆ. "ನೀನು ನೋಡ್ತೀಯಲ್ಲವ್ವ, ಕ್ಯಾನಿನಾಗೆ. ಅಲ್ಲೋಗಿ ಕಾಲು ಅಗಲಿಸ್ಕಂಡು ಮಲಗಾದ್ಯಾಕೆ?" ಎಂದರು. ಹೋಗಲೇಬೇಕು ಎಂದು ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಿದ ನೆನಪಿಲ್ಲ. ಮೂರನೆಯ ಕ್ಯಾನಿನ ಕಲೆಯೂ ತೆಳುವಾಗಿಯೇ ಇತ್ತು.

ನಾಲ್ಕನೆಯದು ಏರಿತು.

ನಾನು ಮೊದಲು ಆಸಿಡ್ಡನ್ನು ಅನುಮಾನಿಸಿದೆ. ಆಮೇಲೆ ಕ್ಯಾನನ್ನು, ಬಸ್ಸಿನ ಬಿಸಿಲನ್ನು, ನನ್ನ ಕೈಯನ್ನು. ಮೂರು ದಿನ ಮೂರು ತಟ್ಟೆ ಹಾಯಿಸಿದೆ. ಮೂರರಲ್ಲೂ ಕಲೆ ದಪ್ಪ. ಹಿಂದಿನ ಎರಡು ಸಲ ಇಳಿದಾಗ ಒಂದೊಂದೇ ತಟ್ಟೆಗೆ ಒಪ್ಪಿಕೊಂಡಿದ್ದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಕಾಯಿಲೆ ಮರುಕಳಿಸಿದೆ ಎಂದುಕೊಂಡೆ. ಶನಿವಾರ ಹಳ್ಳಿಗೆ ಹೋದೆ.

ಯಜಮಾನಿ ಕುರಿಯ ಹಿಂದೆ ಹೋಗಿದ್ದರು. ಸೊಸೆ ಒಬ್ಬಳೇ ರಾಗಿ ಕೇರುತ್ತಿದ್ದಳು. "ನಿಮ್ಮತ್ತೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು," ಎಂದೆ. "ಈ ಸಲದ ಕ್ಯಾನು ಸರಿಯಿಲ್ಲ. ಕಾಯಿಲೆ ಮತ್ತೆ ಬಂದಿರಬಹುದು."

ಮೊರ ಅವಳ ಕೈಯಲ್ಲೇ ನಿಂತಿತು. ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತು. ಮಗ ಹೆಂಡತಿ ಸೇರಿ ಖರ್ಚಿಗೆ ಹೆದರಿ ಮುದುಕಿಯನ್ನು ಕಳಿಸದಿರಲು ನೋಡುತ್ತಾರೆ ಎಂಬವರೆಗೂ ನನ್ನ ಯೋಚನೆ ಹೋಯಿತು. ಸಂಜೆಗೆ ಮತ್ತೆ ಬರುತ್ತೇನೆಂದು ಹೇಳಿ ರಸ್ತೆಗೆ ನಡೆದೆ.

ಅವಳು ಹಿಂದಿನಿಂದ ಓಡಿಬಂದಳು. ಹುಣಸೆಮರದ ಬಳಿ ನನ್ನ ಸೆರಗು ಹಿಡಿದಳು.

"ಅಕ್ಕಾ, ನಂಗೈತಾ?"

"ಏನು?"

"ಆ ಕಾಯ್ಲೆ. ಅದು ನಂದು ಅಕ್ಕಾ. ಕ್ಯಾನಿನಾಗಿದ್ದಿದ್ದು ಅತ್ತೇದಲ್ಲ, ನಂದು. ಯಾರ್ಗೂ ಹೇಳ್ಬ್ಯಾಡಿ." ಸೆರಗನ್ನು ಇನ್ನೂ ಬಿಟ್ಟಿರಲಿಲ್ಲ. "ನಾನು ಸಾಯ್ತೀನಾ?"

ನಾನು ಅವಳನ್ನು ನೋಡುತ್ತ ನಿಂತೆ. ಇಪ್ಪತ್ತು ವರ್ಷ ಇರಬಹುದು. ಕೋಶಗಳು ಬೇಗ ಬೇಗ ಹೆಚ್ಚುವ ಇನ್ನೊಂದು ಸಂದರ್ಭವಿದೆ. ಆಗಲೂ ಪಾಲಿಅಮೀನ್ ಏರುತ್ತದೆ ಎಂದು ಓದಿದ್ದೆ.

"ನೀನು ಹೊರಗಾಗಿ ಎಷ್ಟು ದಿನ ಆಯ್ತು?"

ಅವಳು ನೆಲ ನೋಡಿದಳು. "ಮೂರು ತುಂಬೋಗಂಟ ಬಾಯ್ಬುಡಬಾರ್ದು ಅಕ್ಕಾ. ಹೋದ್ಸಲ ಹೇಳ್ಬುಟ್ಟು ನಿಲ್ಲಲಿಲ್ಲ. ನಮ್ಮತ್ತೇಗೂ ಹೇಳಿಲ್ಲ."

"ನಿನಗೆ ಕಾಯಿಲೆ ಇಲ್ಲ," ಎಂದೆ. "ಬಸುರಿಗೂ ಅದು ಏರುತ್ತೆ." ಅವಳು ನನ್ನ ಮುಖ ನೋಡಿ, ನಾನು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತು ಮಾಡಿಕೊಂಡು, ಅಳುತ್ತಲೇ ನಕ್ಕಳು. ನಾನೂ ನಕ್ಕೆ. ನಗು ಮುಗಿಯುವ ಮೊದಲೇ ಹಿಂದಿನ ಕ್ಯಾನುಗಳು ನೆನಪಾದವು.

"ಯಾವಾಗಿಂದ ನೀನು ತುಂಬಿಸ್ತಿದ್ದೀಯ?"

"ಮನೇಗೆ ಕ್ಯಾನು ತಂದಾಗಿಂದ್ಲೂ. ಎಲ್ಲಾ ನಂದೇ."

ಸಂಜೆ ಯಜಮಾನಿ ಕುರಿ ದೊಡ್ಡಿಗೆ ಹೊಡೆದು ಬಂದರು. ಕ್ಯಾನಿನ ವಿಷಯ ತಿಳಿಯಿತು ಎಂದೆ. ಸೊಸೆಯ ಬಸಿರಿನ ಮಾತು ಎತ್ತಲಿಲ್ಲ. ಅವರಿಗೆ ಸಿಟ್ಟು ಬಂತು.

"ಇನ್ನೇನವ್ವ ಮಾಡ್ಲಿ? ನಿನ್ ಕ್ಯಾನು ತಗಂಡು ಕುರಿ ಹಿಂದೆ ಅಲೀಲಾ? ಒಂದ್ಸಲ ತಪ್ಪಿದ್ರೂ ದಂಡ ಅಂದೆ. ಮನೇಲಿರೋಳು ಅವ್ಳು. ನೀನೇ ಉಯ್ಯಿ ಅಂತ ನಾನೇ ಅವ್ಳಿಗಂದೆ. ಉಚ್ಚೆ ಯಾರ್ದಾದ್ರೇನು, ನಿಂಗೆ ತುಂಬಿದ್ರಾಯ್ತು ಅಂದ್ಕಂಡೆ."

"ನಿಮಗೆ ಹೇಗಿದೆ, ಅಮ್ಮ? ರಕ್ತ ಗಿಕ್ತ ಹೋಗುತ್ತಾ?"

ಅವರು ಸೊಸೆಯನ್ನು ಒಳಗೆ ಕಳಿಸಿ, ದನಿ ಇಳಿಸಿದರು. "ಯುಗಾದಿಯಿಂದ್ಲೂ ಹೋಗ್ತೈತೆ. ನೀನು ಕಮ್ಮಿಯಾಗೈತೆ ಅಂದ್ಯಲ್ಲ, ಅದ್ಕೆ ಕೆಟ್ಟ ರಕ್ತ ಹಿಂಗೆ ಹೊರಗೋಗ್ತೈತೆ ಅಂದ್ಕಂಡೆ. ಒಳ್ಳೇದೇ ಅಂತ ಸುಮ್ಕಿದ್ದೆ."

ಅದು ಶ್ರಾವಣ. ನಾನು ಮನಸ್ಸಿನಲ್ಲಿ ತಿಂಗಳು ಲೆಕ್ಕ ಹಾಕಿದೆ. ಅಷ್ಟರಲ್ಲಿ ನಾನು ಎರಡು ಸಲ ಆ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗಿದ್ದೆ.

ಸೋಮವಾರ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು, ಮಗ ಮತ್ತು ನಾನು. ಈ ಸಲ ಅವರು ನಾಚಿಕೆಯ ಮಾತು ಆಡಲಿಲ್ಲ. ವೈದ್ಯರು ಪರೀಕ್ಷೆ ಮಾಡಿ ಹೊರಗೆ ಬಂದು, ಗಡ್ಡೆ ಮೂತ್ರಕೋಶದವರೆಗೂ ಹಬ್ಬಿದೆ, ಅದೇ ಜಾಗಕ್ಕೆ ಇನ್ನೊಮ್ಮೆ ಕರೆಂಟು ಕೊಡಲಾಗದು, ನೋವಿಗೆ ಔಷಧ ಬರೆದುಕೊಡುತ್ತೇನೆ ಎಂದರು. ಮೊದಲೇ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ನಮ್ಮ ಹಿರಿಯ ವಿಜ್ಞಾನಿ ಆ ಮೂರು ಅಂಕಿಗಳನ್ನು ಪಟ್ಟಿಯಿಂದ ತೆಗೆಸಿದರು. ನಾನು ತಪ್ಪು ಒಪ್ಪಿಕೊಂಡು ಬರೆದ ಚೀಟಿಯನ್ನು ಅವರು ಓದಿ ಮಡಿಸಿಟ್ಟರು.

ಆದರೆ ಅಂಕಿ, ಚೀಟಿಗಳೆಲ್ಲ ಆಮೇಲಿನ ಮಾತು. ಆ ದಿನ ಮಗ ಔಷಧದ ಕಿಟಕಿಗೆ ಹೋಗಿದ್ದ. ಯಜಮಾನಿ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಎಲೆಯಡಿಕೆಯ ಚೀಲ ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ಏನಂದ್ರು ಡಾಕ್ಟ್ರು?"

"ಹೆಚ್ಚಾಗಿದೆ, ಅಮ್ಮ."

ಅವರು ಚೀಲದ ದಾರ ಎಳೆದು ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ಕೇಳಿದರು:

"ಈ ಸಲ ನಂದೇ ತಾನೆ?"

"ನಿಮ್ಮದೇ," ಎಂದೆ.