ಲಿಫ್ಟಣ್ಣನ ಕೈಗೆ ಬಂದ ರಿಮೋಟ್

ದೊಡ್ಡ ಸಾಹೇಬರಿಂದ ಹಿಡಿದು ಕಸ ಗುಡಿಸುವವಳವರೆಗೆ ಆ ಕಚೇರಿ ಕಟ್ಟಡದಲ್ಲಿ ಎಲ್ಲರಿಗೂ ಅವನು ಲಿಫ್ಟಣ್ಣನೇ. ಬಾಗಿಲ ಪಕ್ಕದ ಪುಟ್ಟ ಸ್ಟೂಲಿನ ಮೇಲೆ ಕೂತು ಜೀವಮಾನವಿಡೀ ಗುಂಡಿ ಒತ್ತಿದವನು. ಗುಂಡಿ ಒತ್ತುವುದೇನು ಮಹಾ ಎಂದು ಮೂಗು ಮುರಿಯುವವರು ಅವನ ಜೊತೆ ಒಮ್ಮೆಯೂ ಮೇಲೆ ಹೋದವರಲ್ಲ. ರಜೆ ಕೇಳಲು ಹೊರಟವರ ಮುಖ ನೋಡಿಯೇ ಅವನು ಮ್ಯಾನೇಜರರ ಮಹಡಿಯ ಗುಂಡಿ ಒತ್ತುತ್ತಿದ್ದ. ಒಳಗಿದ್ದವರು ಎಷ್ಟೇ ಗೊಣಗಲಿ, ದಾರಿಯಲ್ಲಿ ಕಾದು ನಿಂತವರನ್ನು ಬಿಟ್ಟು ಹೋದವನೇ ಅಲ್ಲ. ಕೊನೆಗೆ ಆ ಕಟ್ಟಡಕ್ಕೆ ತಾನೇ ಬಾಗಿಲು ತೆರೆದು ತಾನೇ ಮಾತಾಡುವ ಹೊಸ ಲಿಫ್ಟ್ ಬಂತು, ಲಿಫ್ಟಣ್ಣ ಮನೆಗೆ ಬಂದ.

ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಅಡುಗೆಮನೆಗೆ ಹೋದರೆ ಹೆಂಡತಿ "ಕಾಲಿಗೆ ಅಡ್ಡ ಬರ್ಬೇಡಿ ಅಂದ್ರೆ" ಎನ್ನುತ್ತಿದ್ದಳು. ಹಾಲಿಗೆ ಬಂದರೆ ಮಗ ಪೇಪರು ಕೈಗಿತ್ತು ಮೂಲೆಯಲ್ಲಿ ಕೂರಿಸುತ್ತಿದ್ದ. ಕೆಲಸವಿಲ್ಲ ಎನ್ನುವುದನ್ನು ಹೇಗೋ ಸಹಿಸಬಹುದಿತ್ತು. ದಿನವಿಡೀ ಯಾರೂ ತನ್ನನ್ನು ಕರೆಯುವುದಿಲ್ಲವಲ್ಲ ಎನ್ನುವುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ಮನೆಯಲ್ಲಿ ಮೂರು ಟಿವಿ. ಹಾಲಿನಲ್ಲೊಂದು ದೊಡ್ಡದು, ಮಗ ಸೊಸೆಯ ಕೋಣೆಯಲ್ಲೊಂದು, ಅಡುಗೆಮನೆಯ ಕಪಾಟಿನ ಮೇಲೆ ಹೆಂಡತಿಯ ಧಾರಾವಾಹಿಗೆಂದೇ ಒಂದು ಚಿಕ್ಕದು. ರಿಮೋಟುಗಳ ಪೈಕಿ ಒಂದು ಬಕೆಟ್ಟಿಗೆ ಬಿದ್ದು ಸತ್ತಿತ್ತು, ಒಂದರ ಗುಂಡಿಗಳು ಸವೆದುಹೋಗಿದ್ದವು, ಇನ್ನೊಂದು ಎಲ್ಲಿದೆಯೋ ದೇವರೇ ಬಲ್ಲ. ಮಗ ಪೇಟೆಯಿಂದ ಒಂದೇ ಒಂದು ರಿಮೋಟ್ ತಂದು ಮೂರಕ್ಕೂ ಹೊಂದಿಸಿದ. ಅದರ ತಲೆಯ ಮೇಲೆ ಒಂದು, ಎರಡು, ಮೂರು ಎಂದು ಗುಂಡಿಗಳಿದ್ದವು. ಯಾವ ಟಿವಿ ಬೇಕೋ ಆ ಗುಂಡಿ ಮೊದಲು ಒತ್ತಬೇಕು, ಉಳಿದದ್ದು ಆಮೇಲೆ.

ಆ ಗುಂಡಿಗಳನ್ನು ಕಂಡದ್ದೇ ತಡ, ಲಿಫ್ಟಣ್ಣನ ಮುಖ ಅರಳಿತು. "ಇದನ್ನ ನಾನ್ ನೋಡ್ಕೋತೀನಿ, ಬಿಡು" ಎಂದು ಮಗನ ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಇಳಿಸಿದ. ಅಂದಿನಿಂದ ಅವನದೇ ರಾಜ್ಯಭಾರ.

ಕರೆ ಬಂದರೆ ಎದ್ದು ಹೋಗಿ ಆ ಕೋಣೆಯ ಬಾಗಿಲಲ್ಲಿ ನೆಟ್ಟಗೆ ನಿಲ್ಲುತ್ತಿದ್ದ. ಸೌಂಡಿನ ವಿಷಯವಾದರೆ "ಮೇಲಾ, ಕೆಳಗಾ?" ಎಂದು ಕೇಳುತ್ತಿದ್ದ. ಚಾನೆಲ್ಲಿನ ವಿಷಯವಾದರೆ ಕಥೆಯೇ ಬೇರೆ. ಅವನು ಯಾವ ಚಾನೆಲ್ಲಿಗೂ ಒಂದೇ ಏಟಿಗೆ ಹಾರಿದವನಲ್ಲ. ಒಂದೊಂದೇ ಏರಿ, ಪ್ರತಿಯೊಂದರಲ್ಲೂ ಚೂರು ನಿಂತು, ಇಳಿಯುವವರಿದ್ದಾರೋ ಎಂದು ಹಿಂದೆ ತಿರುಗಿ ನೋಡಿ ಮುಂದೆ ಹೋಗುತ್ತಿದ್ದ.

"ಮಾವ, ನಂಬರ್ ಒತ್ತಿದ್ರೆ ನೇರವಾಗಿ ಹೋಗತ್ತೆ" ಎಂದಳು ವಾರ್ತೆಗಾಗಿ ಕಾದಿದ್ದ ಸೊಸೆ.

"ನೇರ ಹೋದ್ರೆ ಮಧ್ಯದಲ್ಲಿ ಇರೋರ ಗತಿ ಏನಮ್ಮ?"

ಮಧ್ಯದಲ್ಲಿ ಮಗನಿದ್ದ. "ಅಪ್ಪ, ಆಟ ಬರ್ತಿದೆ, ನಿಲ್ಲಿಸಿ" ಎಂದ. ಲಿಫ್ಟಣ್ಣ ನಿಲ್ಲಿಸಿದ. ಸೊಸೆ ಗಂಡನನ್ನು ಕಣ್ಣಲ್ಲೇ ಸುಟ್ಟಳು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ಕೂಗು: "ಇಲ್ಲಿ ಮದುವೆ ಮುರಿದು ಬೀಳ್ತಾ ಇದೆ, ಒಂದು ಮಾತೂ ಕೇಳ್ತಿಲ್ಲ. ಇವ್ರು ಅಲ್ಲಿ ಸರದಿ ನೋಡ್ತಾ ನಿಂತಿದ್ದಾರೆ."

ಹೀಗೆ ಮನೆಮಂದಿಯೆಲ್ಲ ಬೈದುಕೊಳ್ಳುತ್ತಲೇ ಇದ್ದರು. ಆದರೆ ಬೈಯಬೇಕಾದರೂ ಕರೆಯಲೇಬೇಕಲ್ಲ. ಮಾವ, ಅಪ್ಪ, ರೀ ಎಂದು ಮೂರು ಕಡೆಯಿಂದಲೂ ಕೂಗು ಬೀಳುತ್ತಿತ್ತು. ಲಿಫ್ಟಣ್ಣನಿಗೆ ಹಸಿವು ನಿದ್ದೆ ಎರಡೂ ಚೆನ್ನಾಗಿ ಹತ್ತಿದವು.

ಒಂದು ಭಾನುವಾರ ಮಗನ ಮೇಲಧಿಕಾರಿ ಮನೆಗೆ ಬಂದರು. ಕಂಪನಿ ತೆರೆಯಲಿದ್ದ ಹೊಸ ಅಂಗಡಿಯ ಉಸ್ತುವಾರಿ ತನಗೇ ಸಿಗಲೆಂದು ಮಗ ಊಟ ನಿದ್ದೆ ಬಿಟ್ಟು ಅದರ ನಕ್ಷೆ, ಫೋಟೋ ಎಲ್ಲ ಸಿದ್ಧ ಮಾಡಿ ಹಾಲಿನ ಟಿವಿಗೆ ಹಾಕಿದ್ದ. ಇನ್ನೇನು ಎರಡನೇ ಫೋಟೋ ಬರಬೇಕು, ಅಡುಗೆಮನೆಯಿಂದ ಪಿಸುಮಾತು ಕೇಳಿತು: "ರೀ, ಇದ್ರ ಸೌಂಡ್ ಕಡಿಮೆ ಮಾಡಿ, ಬಂದೋರು ಏನಂದ್ಕೊಂಡಾರು." ಲಿಫ್ಟಣ್ಣ ಅವಸರದಲ್ಲಿ ಅಡುಗೆಮನೆಯ ಮೂರರ ಬದಲು ಹಾಲಿನ ಒಂದನ್ನು ಒತ್ತಿ ಮತ್ತೇನನ್ನೋ ಅದುಮಿದ. ಹಾಲಿನಲ್ಲಿ ಅಂಗಡಿ ಮಾಯವಾಗಿ ಯಾರೋ ಹೆಂಗಸು ತಲೆನೋವಿನ ಮುಲಾಮು ಹಚ್ಚಿಕೊಳ್ಳತೊಡಗಿದಳು.

"ಅಪ್ಪ, ವಾಪಸ್ ತನ್ನಿ" ಎಂದ ಮಗ, ಹಲ್ಲು ಕಚ್ಚಿ ನಗುತ್ತ.

ತರುತ್ತಾನೆ, ತರದೆ ಏನು? ಆದರೆ ಅವನ ಕ್ರಮದಲ್ಲಿ. ಒಂದೊಂದೇ ಮಹಡಿ ಇಳಿಯತೊಡಗಿದ. ಒಂದು ಕಡೆ ಇಬ್ಬರು ಪೈಲ್ವಾನರು ತೊಡೆ ತಟ್ಟುತ್ತಿದ್ದರು. ಮೇಲಧಿಕಾರಿ ಕೈ ಎತ್ತಿ, "ಹಾಂ, ಹಾಂ, ಇಲ್ಲೇ ಇರ್ಲಿ" ಎಂದರು. ಲಿಫ್ಟಣ್ಣ ನಿಲ್ಲಿಸಿದ.

"ಸರ್, ಆ ಫೋಟೋ..." ಎಂದ ಮಗ.

"ಆಮೇಲೆ ನೋಡೋಣಪ್ಪ. ಹಿಡಿತ ನೋಡು ಅವನ್ದು."

ಕುಸ್ತಿ ಮುಗಿಯಿತು, ಎರಡನೇ ಲೋಟ ಚಹಾ ಮುಗಿಯಿತು. ಮೇಲಧಿಕಾರಿ ಎದ್ದು, ಲಿಫ್ಟಣ್ಣನ ಬೆನ್ನು ತಟ್ಟಿ ಹೊರಟೇಹೋದರು. ಅಂಗಡಿಯ ಸುದ್ದಿಯನ್ನೇ ಎತ್ತಲಿಲ್ಲ.

"ಯಾಕೆ ನಿಲ್ಲಿಸಿದ್ರಿ?" ಎಂದ ಮಗ.

"ಅವ್ರು ಕೈ ತೋರಿಸಿದ್ರಲ್ಲೋ."

ಮಗ ಮಾರನೆಯ ಸಂಜೆ ಮೂರು ಹೊಸ ರಿಮೋಟ್ ತಂದು ಮೂರು ಕಡೆ ಇಟ್ಟ. ತಪ್ಪು ತನ್ನದೇ ಎಂದು ಲಿಫ್ಟಣ್ಣನಿಗೆ ಗೊತ್ತಿತ್ತು. ಹಳೆಯದನ್ನು ಕೊಡಿ ಎಂದು ಯಾರೂ ಕೇಳದ್ದರಿಂದ ಅದು ಜೇಬಿನಲ್ಲೇ ಉಳಿಯಿತು. ಸೊಸೆ ನೇರವಾಗಿ ವಾರ್ತೆಗೆ ಹೋದಳು, ಮಗ ನೇರವಾಗಿ ಆಟಕ್ಕೆ ಹೋದ. ಮನೆ ತಣ್ಣಗಾಯಿತು. ಲಿಫ್ಟಣ್ಣ ಮೂಲೆಯ ಕುರ್ಚಿಯಲ್ಲಿ ಓದಿದ ಪೇಪರನ್ನೇ ಮತ್ತೆ ಓದುತ್ತ ಕೂತ. ಅವನಿಗೆ ಅಳು ಬರುವಷ್ಟು ಬೇಸರವಾಗಿತ್ತು.

"ರೀ, ಸೌಂಡ್ ಕೇಳ್ತಿಲ್ಲ."

ಅಡುಗೆಮನೆಯ ದನಿ. ಹೊಸ ರಿಮೋಟ್ ಇದೆಯಲ್ಲ, ತಾನೇ ಒತ್ತಿಕೊಳ್ಳುತ್ತಾಳೆ ಎಂದುಕೊಂಡು ಅವನು ಪುಟ ಮಗುಚಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಒದ್ದೆ ಕೈಯಲ್ಲೇ ಬಂದು ಎದುರಿಗೆ ನಿಂತಳು.

"ಕರೆದ್ರೆ ಬರಕ್ಕಾಗಲ್ವಾ?"

"ನಿನಗೇ ಅಂತ ಹೊಸದು ತಂದಿಟ್ಟಿದ್ದಾನಲ್ಲ, ಮಗ."

"ತಂದಿದ್ದಾನೆ. ಕವರ್ ಕೂಡ ಬಿಚ್ಚಿಲ್ಲ ನಾನು." ಸೆರಗಿಗೆ ಕೈ ಒರೆಸಿಕೊಂಡಳು. "ಗುಂಡಿ ಒತ್ತೋ ಗಂಡನ್ನೇ ಕಟ್ಕೊಂಡು ಇಷ್ಟು ವರ್ಷ ಸಂಸಾರ ಮಾಡಿದೀನಿ. ಈ ವಯಸ್ಸಲ್ಲಿ ನಾನು ಒತ್ತೋದು ಕಲೀಬೇಕಾ? ಏಳಿ, ಅಲ್ಲಿ ಅರ್ಧ ಕಥೆ ಮುಗಿದೇ ಹೋಯ್ತು."

ಲಿಫ್ಟಣ್ಣ ಪೇಪರು ಮಡಿಸಿಟ್ಟು ಎದ್ದ. ಅಷ್ಟು ಬೇಗ ಅವನು ಏಳುವುದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.